ಗ್ರೀಸ್‌ನಲ್ಲಿ ಯಾಟ್ ಚಾರ್ಟರ್

ಗ್ರೀಸ್‌ನಲ್ಲಿ ಯಾಟ್ ಚಾರ್ಟರ್ ಎಂದರೆ ಗ್ರೀಸ್ ದೇಶದ ಕಡಲಿನಲ್ಲಿ ಖಾಸಗಿ ವಿಹಾರನೌಕೆಯೊಂದನ್ನು ನಿಗದಿತ ಅವಧಿಗೆ ಇಡಿಯಾಗಿ ಬಾಡಿಗೆಗೆ ಪಡೆದು, ಅದರಲ್ಲೇ ವಾಸಿಸುತ್ತ ದ್ವೀಪದಿಂದ ದ್ವೀಪಕ್ಕೆ ಸಂಚರಿಸುವ ವ್ಯವಸ್ಥೆ. ಸಾಮಾನ್ಯ ಅವಧಿ ಒಂದು ವಾರ. ಪ್ರವಾಸಿ ಹಡಗಿನಲ್ಲಿ ಕೋಣೆಯೊಂದನ್ನು ಕಾಯ್ದಿರಿಸಿದವರು ಹಡಗು ಹೋದಲ್ಲಿಗೆ ಹೋಗುತ್ತಾರೆ. ಚಾರ್ಟರ್‌ನಲ್ಲಿ ಮಾರ್ಗ, ತಂಗುವ ಸ್ಥಳ ಮತ್ತು ಹೊರಡುವ ಹೊತ್ತನ್ನು ಬಾಡಿಗೆದಾರರೇ ನಿರ್ಧರಿಸುತ್ತಾರೆ. ಅದರೊಂದಿಗೆ ಬರುವ ಹೊಣೆಯನ್ನೂ ಹೊರುತ್ತಾರೆ.

ಗ್ರೀಸ್‌ನ ಕರಾವಳಿಯ ಉದ್ದ 13,600 ಕಿಲೋಮೀಟರ್‌ಗೂ ಹೆಚ್ಚು. ದೊಡ್ಡವು, ಚಿಕ್ಕವು ಸೇರಿ ಸುಮಾರು 6,000 ದ್ವೀಪಗಳಿದ್ದು, ಅವುಗಳಲ್ಲಿ 227ರಲ್ಲಿ ಜನವಸತಿ ಇದೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಕೆಲವೇ ಗಂಟೆಗಳ ಹಾಯಿಪಯಣ ಸಾಕಾಗುವುದರಿಂದ ಈ ದೇಶವು ಮೆಡಿಟರೇನಿಯನ್‌ನ ಪ್ರಮುಖ ಚಾರ್ಟರ್ ಕೇಂದ್ರಗಳಲ್ಲಿ ಒಂದಾಗಿದೆ. ಮೊದಲ ಬಾರಿಗೆ ಯಾಟ್ ಬಾಡಿಗೆ ಪಡೆಯುವವರ ಪ್ರವಾಸದ ಯಶಸ್ಸು ನೌಕೆಯ ಅಂದಚಂದಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ನೌಕೆಯನ್ನು ನಡೆಸುವವರು ಯಾರು, ಯಾವ ತಿಂಗಳಿನಲ್ಲಿ ಯಾವ ಕಡಲು, ಮತ್ತು ಹೇಳಿದ ಬಾಡಿಗೆಯಲ್ಲಿ ಸೇರದೆ ಉಳಿದಿರುವ ವೆಚ್ಚ ಯಾವುದು.

ಹಿನ್ನೆಲೆ

ಯಾಟ್ ಎಂಬ ಪದದ ಮೂಲ ಡಚ್ ಭಾಷೆಯ ‘ಯಾಖ್ಟ್’. ಬೇಟೆ ಎಂಬುದು ಅದರ ಅರ್ಥ. ಬೆನ್ನಟ್ಟಿ ಹೋಗಬಲ್ಲ ವೇಗದ ಹಗುರ ದೋಣಿಗಳಿಗೆ ಈ ಹೆಸರು ಬಂದಿತು. 1660ರಲ್ಲಿ ಡಚ್ಚರು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ಗೆ ‘ಮೇರಿ’ ಎಂಬ ಯಾಟನ್ನು ಉಡುಗೊರೆಯಾಗಿ ನೀಡಿದ ಮೇಲೆ ವಿನೋದಕ್ಕಾಗಿ ನೌಕೆ ನಡೆಸುವ ಹವ್ಯಾಸ ಅಲ್ಲಿನ ಸಿರಿವಂತರಲ್ಲಿ ಹರಡಿತು. ಸ್ವಂತ ನೌಕೆಯಿಲ್ಲದವರಿಗೆ ಈ ಹವ್ಯಾಸ ಎಟುಕಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಗ್ರೀಸ್‌ನಲ್ಲಿ ಪ್ರಸ್ತುತ ಈ ವ್ಯವಹಾರವನ್ನು ನಿಯಂತ್ರಿಸುವುದು 2014ರ 4256ನೆಯ ಸಂಖ್ಯೆಯ ಕಾನೂನು.

ನೌಕೆಯ ಹೊಣೆ

ಚಾರ್ಟರ್‌ಗಳನ್ನು ನೌಕೆಯ ಗಾತ್ರದಿಂದಲೋ ದರದಿಂದಲೋ ವಿಂಗಡಿಸುವ ಜಾಹೀರಾತುಗಳು ಹೆಚ್ಚು. ಆದರೆ ಕಾನೂನಿನ ದೃಷ್ಟಿಯಲ್ಲಿ ಮುಖ್ಯವಾದ ಭೇದ ಚುಕ್ಕಾಣಿ ಯಾರ ಕೈಯಲ್ಲಿದೆ ಎಂಬುದು.

ನಾವಿಕರಿಲ್ಲದೆ ಬರಿಯ ನೌಕೆಯನ್ನಷ್ಟೇ ಪಡೆಯುವುದನ್ನು ಬೇರ್‌ಬೋಟ್ ಚಾರ್ಟರ್ ಎನ್ನುತ್ತಾರೆ. ಇಲ್ಲಿ ಬಾಡಿಗೆದಾರರ ಗುಂಪಿನ ಒಬ್ಬರು ನೌಕೆಯ ಕಪ್ತಾನರಾಗುತ್ತಾರೆ. ಹವಾಮಾನ ಅರಿತು ಹೊರಡುವುದು, ಲಂಗರು ಹಾಕುವುದು, ಅಪಘಾತವಾದರೆ ಅಧಿಕಾರಿಗಳಿಗೆ ಉತ್ತರಿಸುವುದು ಎಲ್ಲವೂ ಅವರ ಪಾಲಿಗೆ ಬರುತ್ತದೆ. ಇದು ಕಾರನ್ನು ಬಾಡಿಗೆಗೆ ಪಡೆದಂತೆ ಎಂಬ ಹೋಲಿಕೆ ಪ್ರಚಾರದಲ್ಲಿದ್ದರೂ ಅದು ದಾರಿ ತಪ್ಪಿಸುವಂಥದ್ದು; ಕೆಟ್ಟುನಿಂತ ಕಾರು ನಿಂತಲ್ಲೇ ಇರುತ್ತದೆ, ಕೆಟ್ಟ ನೌಕೆ ಗಾಳಿ ಬೀಸಿದತ್ತ ತೇಲುತ್ತದೆ.

ಎರಡನೆಯ ಬಗೆಯಲ್ಲಿ ಅದೇ ನೌಕೆಗೆ ಕಂಪನಿಯು ವೃತ್ತಿಪರ ಸ್ಕಿಪ್ಪರ್ ಒಬ್ಬರನ್ನು ಒದಗಿಸುತ್ತದೆ. ನಾವಿಕ ಅನುಭವವಿಲ್ಲದವರಿಗೆ ಇದೇ ಸೂಕ್ತ ಆರಂಭ. ಸ್ಕಿಪ್ಪರ್‌ಗೆ ಪ್ರತ್ಯೇಕ ಕೋಣೆ ಬೇಕಾಗುವುದರಿಂದ ನಾಲ್ಕು ಕೋಣೆಗಳ ನೌಕೆಯು ಅತಿಥಿಗಳ ಲೆಕ್ಕದಲ್ಲಿ ಮೂರು ಕೋಣೆಗಳದ್ದಾಗುತ್ತದೆ. ಅವರ ಊಟವೂ ಬಾಡಿಗೆದಾರರದೇ. ಸಂಚಾರದ ನಿರ್ಧಾರ ಸ್ಕಿಪ್ಪರ್‌ಗೆ ಸೇರಿದ್ದು. ಆದರೂ ಹಲವು ಕರಾರುಗಳಲ್ಲಿ ನೌಕೆಗೆ ಆದ ಹಾನಿಯನ್ನು, ಅದು ಸ್ಕಿಪ್ಪರ್‌ನ ಕೈತಪ್ಪಿನಿಂದ ಆದದ್ದಾದರೂ, ಬಾಡಿಗೆದಾರರ ಠೇವಣಿಯಿಂದಲೇ ಮುರಿದುಕೊಳ್ಳಲು ಅವಕಾಶವಿರುತ್ತದೆ. ಸಹಿ ಹಾಕುವ ಮುನ್ನ ಓದಿಕೊಳ್ಳಬೇಕಾದ ಷರತ್ತುಗಳಲ್ಲಿ ಇದು ಮೊದಲನೆಯದು.

ಇವೆರಡರ ನಡುವಿನದು ಫ್ಲೋಟಿಲ್ಲಾ. ಹಲವು ಬೇರ್‌ಬೋಟ್‌ಗಳು ಒಂದು ಮುಂದಾಳು ನೌಕೆಯ ಜೊತೆಗೆ ಸಾಗುತ್ತವೆ. ಮುಂದಾಳು ತಂಡ ಬೆಳಿಗ್ಗೆ ಆ ದಿನದ ಹವಾಮಾನ ಮತ್ತು ಮಾರ್ಗವನ್ನು ವಿವರಿಸುತ್ತದೆ, ಸಂಜೆ ಬಂದರಿನಲ್ಲಿ ಹಗ್ಗ ಹಿಡಿದು ನೆರವಾಗುತ್ತದೆ. ಪರವಾನಗಿ ಇದ್ದೂ ಧೈರ್ಯ ಸಾಲದವರಿಗೆ ಇದು ಅನುಕೂಲ.

ಕಪ್ತಾನ, ಅಡುಗೆಯವರು, ಪರಿಚಾರಕರು ಎಲ್ಲರೂ ಇರುವ ಪೂರ್ಣ ಸಿಬ್ಬಂದಿಯ ಚಾರ್ಟರ್ ದುಬಾರಿ ವರ್ಗಕ್ಕೆ ಸೇರಿದ್ದು. ಗ್ರೀಕ್ ಹಡಗು ಉದ್ಯಮಿ ಅರಿಸ್ಟಾಟಲ್ ಒನಾಸಿಸ್ ಕೆನಡಾದ ಯುದ್ಧನೌಕೆಯೊಂದನ್ನು 1954ರಲ್ಲಿ ಪರಿವರ್ತಿಸಿ ನಿರ್ಮಿಸಿದ ‘ಕ್ರಿಸ್ಟಿನಾ’ ಕೂಡ ನಂತರದ ವರ್ಷಗಳಲ್ಲಿ ಹೀಗೆ ಬಾಡಿಗೆಗೆ ದೊರೆಯತೊಡಗಿತು. ಈ ವರ್ಗದ ಸಾಮಾನ್ಯ ಯಾಟ್‌ಗಳಲ್ಲಿ ಅತಿಥಿಗಳ ಸಂಖ್ಯೆ 12ಕ್ಕೆ ನಿಲ್ಲುವುದಕ್ಕೆ ಕಾರಣ ಐಷಾರಾಮವಲ್ಲ. ಸಮುದ್ರದಲ್ಲಿ ಜೀವಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ನೌಕೆ ‘ಪ್ರಯಾಣಿಕ ಹಡಗು’ ಎನಿಸಿಕೊಂಡು ಹೆಚ್ಚು ಕಠಿಣವಾದ ನಿಯಮಗಳಿಗೆ ಒಳಪಡುತ್ತದೆ.

ಪರವಾನಗಿ

ಗ್ರೀಸ್‌ನಲ್ಲಿ ಬೇರ್‌ಬೋಟ್ ಪಡೆಯಲು ಕಪ್ತಾನರ ಬಳಿ ಮಾನ್ಯವಾದ ಹಾಯಿನೌಕಾ ಪ್ರಮಾಣಪತ್ರ ಇರಲೇಬೇಕು. ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸ್ ಮತ್ತು ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್‌ನ ಡೇ ಸ್ಕಿಪ್ಪರ್ ಇವು ಸಾಮಾನ್ಯವಾಗಿ ಸಲ್ಲುವ ಪತ್ರಗಳು. ಕಪ್ತಾನರಲ್ಲದೆ ನೌಕೆ ನಡೆಸಬಲ್ಲ ಎರಡನೆಯ ವ್ಯಕ್ತಿಯೂ ಇರಬೇಕೆಂಬ ನಿಯಮವಿದೆ. ಅವರಿಗೆ ಪರವಾನಗಿ ಇಲ್ಲದಿದ್ದರೆ ಅನುಭವವಿದೆಯೆಂಬ ಲಿಖಿತ ಘೋಷಣೆ ಕೇಳಲಾಗುತ್ತದೆ. ಒಬ್ಬರೇ ಬಲ್ಲವರಿದ್ದು ಅವರು ಕಾಯಿಲೆ ಬಿದ್ದರೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಈ ನಿಯಮದ ಹಿಂದಿದೆ. ಈ ಕಾರಣಕ್ಕೆ ಕೆಲವರು ಸುಳ್ಳು ಘೋಷಣೆಗೆ ಸಹಿ ಹಾಕುವುದೂ ಉಂಟು. ಅಪಘಾತವಾದಾಗ ವಿಮೆಯ ಹಕ್ಕು ಮುರಿದುಬೀಳಲು ಅದೇ ಸಾಕಾಗಬಹುದು.

ದ್ವೀಪಗಳ ದಡದಲ್ಲಿ ಗಂಟೆಗೋ ದಿನಕ್ಕೋ ಸಿಗುವ 30 ಅಶ್ವಶಕ್ತಿವರೆಗಿನ ಚಿಕ್ಕ ಮೋಟಾರು ದೋಣಿಗಳಿಗೆ ಪರವಾನಗಿ ಬೇಡ. ಅವು ದಡದ ಸಮೀಪದ ಸೀಮಿತ ವಲಯಕ್ಕೆ ಮಾತ್ರ, ಚಾರ್ಟರ್‌ಗೆ ಬದಲಿಯಲ್ಲ.

ಗಾಳಿ ಮತ್ತು ಋತು

ಚಾರ್ಟರ್ ಋತು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಜುಲೈ ಮತ್ತು ಆಗಸ್ಟ್‌ನಲ್ಲಿ ಬೇಡಿಕೆಯೂ ದರವೂ ಶಿಖರದಲ್ಲಿರುತ್ತವೆ; ಅದೇ ತಿಂಗಳುಗಳಲ್ಲಿ ಏಜಿಯನ್ ಸಮುದ್ರದ ಗಾಳಿಯೂ ಶಿಖರದಲ್ಲಿರುತ್ತದೆ. ಬೇಸಿಗೆಯೆಂದರೆ ಶಾಂತ ಕಡಲು ಎಂದು ತಿಳಿದು ಬರುವ ಹೊಸಬರಿಗೆ ಇದು ಅನಿರೀಕ್ಷಿತ.

ಏಜಿಯನ್‌ನ ಮೇಲೆ ಉತ್ತರದಿಂದ ಬೀಸುವ ಈ ಗಾಳಿಗೆ ಮೆಲ್ಟೆಮಿ ಎಂದು ಹೆಸರು. ಪ್ರಾಚೀನ ಗ್ರೀಕರು ಇದನ್ನು ವರ್ಷವರ್ಷವೂ ಬರುವುದು ಎಂಬ ಅರ್ಥದಲ್ಲಿ ‘ಎಟೇಸಿಯೈ’ ಎಂದು ಕರೆದಿದ್ದರು. ಬಾಲ್ಕನ್ ಪ್ರದೇಶದ ಮೇಲಿನ ಅಧಿಕ ಒತ್ತಡ ಮತ್ತು ಅನಟೋಲಿಯಾದ ಮೇಲಿನ ಕಡಿಮೆ ಒತ್ತಡಗಳ ನಡುವಿನ ವ್ಯತ್ಯಾಸದಿಂದ ಇದು ಹುಟ್ಟುತ್ತದೆ. ಆ ಕಡಿಮೆ ಒತ್ತಡದ ವಲಯವು ದಕ್ಷಿಣ ಏಷ್ಯಾದ ಮುಂಗಾರಿನ ಬೃಹತ್ ಕಡಿಮೆ ಒತ್ತಡದ ಪಶ್ಚಿಮದ ಚಾಚು; ಕರ್ನಾಟಕದ ಕರಾವಳಿಯಲ್ಲಿ ಮಳೆ ಸುರಿಯುವ ತಿಂಗಳುಗಳಲ್ಲೇ ಏಜಿಯನ್‌ನಲ್ಲಿ ಒಣಗಾಳಿ ಬೀಸುವುದು ಕಾಕತಾಳೀಯವಲ್ಲ. ಮೆಲ್ಟೆಮಿಯ ಬಲ ಬ್ಯೂಫರ್ಟ್ ಮಾಪಕದಲ್ಲಿ ಸಾಮಾನ್ಯವಾಗಿ 5ರಿಂದ 7. ಕೆಲವೊಮ್ಮೆ 8ನ್ನೂ ಮುಟ್ಟುತ್ತದೆ. ಮಾಪಕದ 6 ಎಂದರೆ 22ರಿಂದ 27 ನಾಟ್, ಅಂದರೆ ಗಂಟೆಗೆ ಸುಮಾರು 41ರಿಂದ 50 ಕಿಲೋಮೀಟರ್. ಹಗಲು ಬಲಗೊಂಡು ರಾತ್ರಿ ಇಳಿಯುವುದು ಇದರ ಸ್ವಭಾವವಾದರೂ ಹಲವು ದಿನ ಬಿಡದೆ ಬೀಸುವುದೂ ಉಂಟು. ಮೋಡವಿಲ್ಲದ ನೀಲಿ ಆಕಾಶದ ಕೆಳಗೇ ಬೀಸುವುದರಿಂದ ಕಣ್ಣಿಗೆ ಮುನ್ಸೂಚನೆ ಸಿಗುವುದಿಲ್ಲ. ಗಾಳಿ ಹೆಚ್ಚಾದಾಗ ಬಂದರು ಪೊಲೀಸರು ನೌಕೆಗಳ ನಿರ್ಗಮನವನ್ನೇ ನಿಷೇಧಿಸಬಹುದು.

ಪಶ್ಚಿಮದ ಅಯೋನಿಯನ್ ಸಮುದ್ರಕ್ಕೆ ಮೆಲ್ಟೆಮಿ ತಟ್ಟುವುದಿಲ್ಲ. ಅಲ್ಲಿ ಬೆಳಿಗ್ಗೆ ಗಾಳಿ ಇಲ್ಲವೆನ್ನುವಷ್ಟು ಶಾಂತವಾಗಿದ್ದು, ಮಧ್ಯಾಹ್ನದ ನಂತರ ವಾಯವ್ಯದಿಂದ ‘ಮಾಯಿಸ್ಟ್ರೋ’ ಎದ್ದು ಸಂಜೆಗೆ ಅಡಗುತ್ತದೆ. ಆದರೆ ಶರತ್ಕಾಲ ಸಮೀಪಿಸಿದಂತೆ ಈ ಭಾಗದ ಅಪಾಯ ಬೇರೆ. 2020ರ ಸೆಪ್ಟೆಂಬರ್ 17 ಮತ್ತು 18ರಂದು ‘ಇಯಾನೋಸ್’ ಎಂಬ ಮೆಡಿಟರೇನಿಯನ್ ಚಂಡಮಾರುತವು ಕೆಫಲೋನಿಯಾ, ಇಥಾಕಾ ಮತ್ತು ಜಾಕಿಂಥೋಸ್ ದ್ವೀಪಗಳನ್ನು ಅಪ್ಪಳಿಸಿದಾಗ ಬಂದರುಗಳಲ್ಲಿ ಕಟ್ಟಿದ್ದ ನೌಕೆಗಳೂ ಹಾನಿಗೊಳಗಾದವು.

ಮೇ ಕೊನೆ, ಜೂನ್ ಮತ್ತು ಸೆಪ್ಟೆಂಬರ್‌ನ ಮೊದಲ ಭಾಗ ಹೊಸಬರಿಗೆ ಹೆಚ್ಚು ಹಿತಕರ. ಮೇ ಅಥವಾ ಅಕ್ಟೋಬರ್‌ನ ದರವು ಆಗಸ್ಟ್‌ನ ದರದ ಅರ್ಧದಷ್ಟಿರುವುದೂ ಇದೆ.

ಕಡಲಿನ ಆಯ್ಕೆ ಮತ್ತು ವಾರದ ಮಾರ್ಗ

ಚಾರ್ಟರ್ ವಾರ ಸಾಮಾನ್ಯವಾಗಿ ಶನಿವಾರ ಸಂಜೆ ಆರಂಭವಾಗಿ ಮುಂದಿನ ಶನಿವಾರ ಬೆಳಿಗ್ಗೆ ಮುಗಿಯುತ್ತದೆ. ನೌಕೆಯನ್ನು ಶುಕ್ರವಾರ ಸಂಜೆಯೇ ಮೂಲ ಬಂದರಿಗೆ ತರಬೇಕೆಂಬ ಷರತ್ತು ಇರುವುದರಿಂದ ನಿಜವಾಗಿ ದೊರೆಯುವುದು ಆರು ಹಗಲು. ಸುಮಾರು 40 ಅಡಿಯ ಹಾಯಿನೌಕೆಯ ಸರಾಸರಿ ವೇಗ ಗಂಟೆಗೆ 5ರಿಂದ 6 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಈಜು, ಊಟ, ಊರು ನೋಡುವುದು ಎಲ್ಲಕ್ಕೂ ಹೊತ್ತು ಉಳಿಯಬೇಕೆಂದರೆ ದಿನಕ್ಕೆ 15ರಿಂದ 20 ಮೈಲಿಯನ್ನು ಮೀರದ ಯೋಜನೆಯೇ ಸರಿ.

ಈ ಲೆಕ್ಕವನ್ನು ಮರೆತಾಗ ಆಗುವುದಕ್ಕೆ ಸ್ಯಾಂಟೊರಿನಿ ತಕ್ಕ ನಿದರ್ಶನ. ಚಿತ್ರಗಳಲ್ಲಿ ಕಂಡ ಬಿಳಿ ಮನೆಗಳ ಆ ದ್ವೀಪವನ್ನು ಅಥೆನ್ಸ್‌ನಿಂದ ಹೊರಡುವ ವಾರದ ಮಾರ್ಗದಲ್ಲಿ ಸೇರಿಸಬೇಕೆಂಬ ಆಸೆ ಹಲವರದು. ಆದರೆ ಅದು ಅಥೆನ್ಸ್‌ನಿಂದ ನೂರಕ್ಕೂ ಹೆಚ್ಚು ನಾಟಿಕಲ್ ಮೈಲಿ ದೂರದಲ್ಲಿ, ಸಿಕ್ಲಡೀಸ್ ದ್ವೀಪಸಮೂಹದ ದಕ್ಷಿಣದ ಅಂಚಿನಲ್ಲಿದೆ. ಹೋಗುವಾಗ ಮೆಲ್ಟೆಮಿ ಬೆನ್ನಿಗಿದ್ದು ಪಯಣ ಸುಲಭವೆನಿಸುತ್ತದೆ. ಮರಳುವಾಗ ಅದೇ ಗಾಳಿ ಎದುರಾಗುತ್ತದೆ. ಹಾಯಿನೌಕೆ ಗಾಳಿಗೆ ನೇರ ಮುಖಮಾಡಿ ಸಾಗಲಾರದೆ ಅಡ್ಡಡ್ಡ ಓಡಬೇಕಾಗಿ ದೂರ ಇನ್ನಷ್ಟು ಬೆಳೆಯುತ್ತದೆ. ಜ್ವಾಲಾಮುಖಿಯ ಕುಳಿಯಲ್ಲಿ ನೀರು ಅತಿ ಆಳವಾಗಿರುವುದರಿಂದ ಆ ಪ್ರಸಿದ್ಧ ಮನೆಗಳ ಕೆಳಗೆ ಲಂಗರು ಹಾಕುವುದೂ ಸಾಧ್ಯವಿಲ್ಲವೆನ್ನಬಹುದು. ಶುಕ್ರವಾರದ ಗಡುವು ತಪ್ಪಿದರೆ ತಡವಾದ ದಿನಕ್ಕೆ ದುಪ್ಪಟ್ಟು ಬಾಡಿಗೆ ವಿಧಿಸುವ ಕರಾರುಗಳಿವೆ. ಆ ದಂಡಕ್ಕೆ ಹೆದರಿ ಕೆಟ್ಟ ಹವೆಯಲ್ಲಿ ಹೊರಡುವುದು ದಂಡಕ್ಕಿಂತ ದೊಡ್ಡ ನಷ್ಟಕ್ಕೆ ದಾರಿ. ಸ್ಯಾಂಟೊರಿನಿಯನ್ನು ನೋಡಬೇಕಾದವರಿಗೆ ಪಿರಾಯಸ್ ಬಂದರಿನಿಂದ ಫೆರ್ರಿ ಇದೆ.

ಮೊದಲ ಪ್ರವಾಸಕ್ಕೆ ಎರಡು ಪ್ರದೇಶಗಳು ಒಗ್ಗುತ್ತವೆ. ಅಥೆನ್ಸ್‌ಗೆ ಹೊಂದಿಕೊಂಡ ಸರೋನಿಕ್ ಕೊಲ್ಲಿ ಮೆಲ್ಟೆಮಿಯಿಂದ ಬಹುಮಟ್ಟಿಗೆ ಮರೆಯಾಗಿದೆ. ನಗರದ ಅಲಿಮೊಸ್ ಮರೀನಾದಿಂದ ಹೊರಟು ಈಜಿನಾ, ಪೋರೋಸ್, ಹೈಡ್ರಾ, ಸ್ಪೆಟ್ಸೆಸ್ ದ್ವೀಪಗಳನ್ನು ಒಂದು ದಿನಕ್ಕೊಂದರಂತೆ ನೋಡಿ ಮರಳಬಹುದು. ಈಜಿನಾದಲ್ಲಿ ಅಫೈಯಾ ದೇವತೆಯ ಪುರಾತನ ದೇವಾಲಯವಿದೆ. ಹೈಡ್ರಾದಲ್ಲಿ ಖಾಸಗಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ, ಸಾಮಾನು ಹೊರುವುದು ಹೇಸರಗತ್ತೆಗಳು. ಎರಡನೆಯದು ಅಯೋನಿಯನ್. ಲೆಫ್ಕಾಡಾದಿಂದ ಮೆಗನಿಸಿ, ಇಥಾಕಾ, ಕೆಫಲೋನಿಯಾದ ಫಿಸ್ಕಾರ್ಡೊ ಸುತ್ತಿ ಬರುವ ಮಾರ್ಗದಲ್ಲಿ ಒಂದೊಂದು ಹಂತವೂ ಚಿಕ್ಕದು, ದಡ ಸದಾ ಕಣ್ಣಳತೆಯಲ್ಲಿರುತ್ತದೆ. ಹೋಮರನ ಒಡಿಸ್ಯೂಸ್ ಹತ್ತು ವರ್ಷ ಅಲೆದು ಮುಟ್ಟಿದ ಇಥಾಕಾ ಇಲ್ಲಿ ಮಧ್ಯಾಹ್ನದೊಳಗೆ ಸಿಗುತ್ತದೆ. ಈ ಎರಡು ಪ್ರದೇಶಗಳನ್ನು ಜೋಡಿಸುವ, 1893ರಲ್ಲಿ ತೆರೆದ ಕೊರಿಂಥ್ ಕಾಲುವೆಯ ಉದ್ದ ಆರು ಕಿಲೋಮೀಟರ್‌ಗಿಂತ ತುಸು ಹೆಚ್ಚು. ಆದರೆ ಒಂದೇ ವಾರದಲ್ಲಿ ಎರಡನ್ನೂ ಮುಗಿಸುವ ಯೋಜನೆ ಅವಸರದ್ದಾಗುತ್ತದೆ.

ನೌಕೆಯ ಆಯ್ಕೆ

ಒಂದೇ ಒಡಲಿನ ಮಾನೋಹಲ್ ಮತ್ತು ಜೋಡಿ ಒಡಲಿನ ಕ್ಯಾಟಮರಾನ್ ಇವು ಮುಖ್ಯ ಬಗೆಗಳು. ಬವೇರಿಯಾ, ಬೆನೆಟೊ, ಜಾನೊ ತಯಾರಿಕೆಯ 35ರಿಂದ 45 ಅಡಿಯ ಮಾನೋಹಲ್‌ಗಳು ಗ್ರೀಸ್‌ನ ಬಾಡಿಗೆ ನೌಕೆಗಳಲ್ಲಿ ಹೇರಳ. ಕ್ಯಾಟಮರಾನ್ ಕಡಿಮೆ ವಾಲುವುದರಿಂದ ಮಕ್ಕಳು, ವೃದ್ಧರು ಇರುವ ಕುಟುಂಬಗಳಿಗೆ ಹಿತ. ಬಾಡಿಗೆ ಮಾತ್ರ ಗಣನೀಯವಾಗಿ ಹೆಚ್ಚು, ಅಗಲ ಹೆಚ್ಚಿರುವುದರಿಂದ ಕಿರಿದಾದ ಬಂದರಿನಲ್ಲಿ ಜಾಗ ಸಿಗುವುದೂ ಕಷ್ಟ. ‘ಎಂಟು ಜನರಿಗೆ’ ಎಂಬ ವಿವರಣೆಯಲ್ಲಿ ನಡುಕೋಣೆಯ ಸೋಫಾ ಕೂಡ ಎರಡು ಹಾಸಿಗೆಯಾಗಿ ಎಣಿಕೆಯಾಗಿರಬಹುದು.

ವೆಚ್ಚ ಮತ್ತು ಕರಾರು

ಬೇರ್‌ಬೋಟ್ ದರಪಟ್ಟಿಯಲ್ಲಿ ಕಾಣುವುದು ನೌಕೆಯ ಬಾಡಿಗೆ ಮಾತ್ರ. ಇಂಧನ, ಬಂದರು ಶುಲ್ಕ, ನೀರು, ಆಹಾರ, ಕೊನೆಯ ಶುಚಿಗೊಳಿಸುವಿಕೆ, ಹಾಸಿಗೆವಸ್ತ್ರ, ಚಿಕ್ಕ ದೋಣಿಯ ಮೋಟಾರು ಇವು ಹಲವು ಸಲ ಪ್ರತ್ಯೇಕ. ಮೌಲ್ಯವರ್ಧಿತ ತೆರಿಗೆ ಸೇರಿದೆಯೇ ಎಂಬುದನ್ನೂ ಕೇಳಬೇಕು. ಉದಾಹರಣೆಗೆ, ವಾರದ ಬಾಡಿಗೆ 3,000 ಯೂರೋ ಎಂದೂ ಸ್ಕಿಪ್ಪರ್‌ನ ದಿನಗೂಲಿ 200 ಯೂರೋ ಎಂದೂ ಇಟ್ಟುಕೊಂಡರೆ, ಏಳು ದಿನಕ್ಕೆ 1,400 ಸೇರಿ ಮೊತ್ತ 4,400ಕ್ಕೆ ಏರುತ್ತದೆ. ಊಟ ಮತ್ತು ಇಂಧನ ಇದರಲ್ಲಿ ಇನ್ನೂ ಬಂದಿಲ್ಲ. ಹಾಗಾಗಿ ಎರಡು ಕಂಪನಿಗಳ ದರವನ್ನು ಹೋಲಿಸುವಾಗ ಒಟ್ಟು ಮೊತ್ತವನ್ನೇ ಹೋಲಿಸಬೇಕಾಗುತ್ತದೆ.

ಕಾಯ್ದಿರಿಸುವಾಗ ಸಾಮಾನ್ಯವಾಗಿ ಅರ್ಧ ಹಣ, ಹೊರಡುವುದಕ್ಕೆ ಒಂದರಿಂದ ಎರಡು ತಿಂಗಳು ಮೊದಲು ಉಳಿದರ್ಧ ಪಾವತಿಸುವ ಕ್ರಮವಿದೆ. ಇದಲ್ಲದೆ ನೌಕೆಯನ್ನು ವಶಕ್ಕೆ ಪಡೆಯುವಾಗ ಹಾನಿಯ ಭದ್ರತೆಗಾಗಿ ಠೇವಣಿ ಇಡಬೇಕು. ಮಧ್ಯಮ ಗಾತ್ರದ ಮಾನೋಹಲ್‌ಗೆ ಅದು ಕೆಲವು ಸಾವಿರ ಯೂರೋಗಳಷ್ಟಾಗುತ್ತದೆ. ಮರಳಿಬಾರದ ಒಂದಿಷ್ಟು ಹಣ ತೆತ್ತು ಠೇವಣಿಯನ್ನು ತಗ್ಗಿಸಿಕೊಳ್ಳುವ ಆಯ್ಕೆಯನ್ನು ಹಲವು ಕಂಪನಿಗಳು ನೀಡುತ್ತವೆ.

ಪೂರ್ಣ ಸಿಬ್ಬಂದಿಯ ಯಾಟ್‌ಗಳ ಲೆಕ್ಕ ಬೇರೆ. ಅಲ್ಲಿ ಬಾಡಿಗೆಯ ಮೇಲೆ ಸುಮಾರು ಶೇಕಡ 25ರಿಂದ 35ರಷ್ಟನ್ನು ಖರ್ಚಿನ ಮುಂಗಡವಾಗಿ ಕಪ್ತಾನರಿಗೆ ಒಪ್ಪಿಸಲಾಗುತ್ತದೆ. ಇಂಧನ, ಆಹಾರ, ಬಂದರು ಶುಲ್ಕಗಳನ್ನು ಅವರು ಅದರಿಂದ ಭರಿಸಿ, ಕೊನೆಯಲ್ಲಿ ರಸೀದಿಗಳೊಂದಿಗೆ ಲೆಕ್ಕ ಒಪ್ಪಿಸುತ್ತಾರೆ; ಉಳಿದದ್ದು ಮರಳುತ್ತದೆ, ಸಾಲದಿದ್ದರೆ ಮತ್ತೆ ಕೊಡಬೇಕು. ವೇಗದ ಮೋಟಾರು ಯಾಟ್‌ಗಳಲ್ಲಿ ಈ ಮೊತ್ತದ ದೊಡ್ಡ ಪಾಲನ್ನು ನುಂಗುವುದು ಡೀಸೆಲ್. ಸಿಬ್ಬಂದಿಗೆ ನೀಡುವ ಭಕ್ಷೀಸು ಕಡ್ಡಾಯವಲ್ಲವಾದರೂ ಮೆಡಿಟರೇನಿಯನ್‌ನಲ್ಲಿ ಬಾಡಿಗೆಯ ಶೇಕಡ 5ರಿಂದ 15ರಷ್ಟು ಕೊಡುವ ವಾಡಿಕೆ ಇದೆ. ಈ ವರ್ಗದಲ್ಲಿ ಹೆಚ್ಚಾಗಿ ಬಳಕೆಯಾಗುವುದು 1984ರಲ್ಲಿ ಮೆಡಿಟರೇನಿಯನ್ ಯಾಟ್ ಬ್ರೋಕರ್ಸ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಸ್ಥಾಪನೆಯಾದ ಮೈಬಾ ಸಂಸ್ಥೆಯ ಮಾದರಿ ಕರಾರು. ಬಾಡಿಗೆದಾರರ ಸಮಂಜಸವಾದ ಸೂಚನೆಗಳನ್ನು ಕಪ್ತಾನರು ಪಾಲಿಸಬೇಕೆಂದೂ, ಸುರಕ್ಷತೆಗೆ ಧಕ್ಕೆ ತರುವ ಸೂಚನೆಯನ್ನು ನಿರಾಕರಿಸಬಹುದೆಂದೂ ಅದು ಹೇಳುತ್ತದೆ. ಹಣ ಕೊಟ್ಟವರ ಮಾತೇ ಕೊನೆಯದಲ್ಲ ಎಂಬುದು ಇಲ್ಲಿ ಲಿಖಿತವಾಗಿಯೇ ಇದೆ.

ನೌಕೆಯ ಹಸ್ತಾಂತರ

ಶನಿವಾರ ಸಂಜೆ ಕಂಪನಿಯ ಪ್ರತಿನಿಧಿ ನೌಕೆಯ ಸಲಕರಣೆಗಳ ಪಟ್ಟಿಗೆ ಸಹಿ ಕೇಳುತ್ತಾರೆ. ಪಯಣದ ದಣಿವಿನಲ್ಲಿ ಅವಸರದ ಸಹಿ ಹಾಕುವವರೇ ಹೆಚ್ಚು. ವಾರದ ಕೊನೆಯಲ್ಲಿ ಠೇವಣಿಯ ಬಗ್ಗೆ ಏಳುವ ವಿವಾದಗಳ ಬೇರು ಬಹುಪಾಲು ಇಲ್ಲಿಯೇ ಇರುತ್ತದೆ. ಹಳೆಯ ಗೀರು, ಹರಿದ ಹಾಯಿ, ಸಡಿಲ ಕಂಬಿಗಳನ್ನು ಪಟ್ಟಿಯಲ್ಲಿ ಬರೆಯಿಸಿ ಛಾಯಾಚಿತ್ರ ತೆಗೆದಿಡುವುದು ರೂಢಿ. ಜೀವರಕ್ಷಕ ಜಾಕೆಟ್‌ಗಳು ತಲೆಗೊಂದರಂತೆ ಇವೆಯೇ, ಮಕ್ಕಳ ಅಳತೆಯವು ಇವೆಯೇ, ಎಂಜಿನ್ ಮತ್ತು ಲಂಗರಿನ ಯಂತ್ರ ಓಡುತ್ತವೆಯೇ, ರೇಡಿಯೊ ಕೆಲಸ ಮಾಡುತ್ತದೆಯೇ ಎಂಬುದನ್ನು ಆಗಲೇ ಪರೀಕ್ಷಿಸಬೇಕು. ರೇಡಿಯೊದ 16ನೆಯ ಚಾನೆಲ್ ತುರ್ತು ಕರೆಗೆ ಮೀಸಲು. ದೂರವಾಣಿಯಲ್ಲಿ ಗ್ರೀಕ್ ಕರಾವಳಿ ಪಡೆಯ ಸಂಖ್ಯೆ 108, ಯುರೋಪಿನ ಸಾಮಾನ್ಯ ತುರ್ತು ಸಂಖ್ಯೆ 112. ನೌಕೆಯಲ್ಲಿರುವ ಎಲ್ಲರ ಹೆಸರು, ಪಾಸ್‌ಪೋರ್ಟ್ ವಿವರಗಳ ಪಟ್ಟಿಯನ್ನು ಮುಂಚಿತವಾಗಿ ಸಲ್ಲಿಸಬೇಕಾಗುತ್ತದೆ.

ಬಂದರಿನ ವಾಡಿಕೆ

ಗ್ರೀಸ್‌ನ ಚಿಕ್ಕ ಬಂದರುಗಳಲ್ಲಿ ನೌಕೆಯನ್ನು ಧಕ್ಕೆಗೆ ಪಕ್ಕವಾಗಿ ನಿಲ್ಲಿಸುವುದು ಅಪರೂಪ. ಮುಂಭಾಗದಿಂದ ಲಂಗರು ಇಳಿಬಿಟ್ಟು, ಹಿಂದಕ್ಕೆ ಸರಿದು, ಹಿಂಭಾಗದ ಎರಡು ಹಗ್ಗಗಳನ್ನು ಧಕ್ಕೆಗೆ ಕಟ್ಟುವ ‘ಮೆಡಿಟರೇನಿಯನ್ ಮೂರಿಂಗ್’ ಕ್ರಮವೇ ರೂಢಿಯಲ್ಲಿದೆ. ಅಡ್ಡಗಾಳಿ ಇರುವಾಗ ಇದನ್ನು ಸರಿಯಾಗಿ ಮಾಡುವುದು ಹೊಸ ಕಪ್ತಾನರಿಗೆ ತೆರೆದ ಕಡಲಿಗಿಂತ ಕಠಿಣ. ಹೈಡ್ರಾದಂಥ ಕಿರಿದಾದ ಬಂದರಿನಲ್ಲಿ ಬೇಸಿಗೆಯ ಸಂಜೆ ನೌಕೆಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಲ್ಲುತ್ತವೆ. ಬೆಳಿಗ್ಗೆ ಒಬ್ಬರ ಲಂಗರಿನ ಸರಪಳಿಗೆ ಇನ್ನೊಬ್ಬರದು ತೊಡರಿ ಬಿಡಿಸಿಕೊಳ್ಳುವ ಗಲಾಟೆ ನಿತ್ಯದ್ದು. ಮಧ್ಯಾಹ್ನ ಮೂರರೊಳಗೆ ಬಂದರು ಸೇರುವುದರಿಂದ ಜಾಗವೂ ಸಿಗುತ್ತದೆ, ತಪ್ಪಿದರೆ ಬೇರೆ ಕೊಲ್ಲಿ ಹುಡುಕಲು ಬೆಳಕೂ ಉಳಿದಿರುತ್ತದೆ. ಕೊಲ್ಲಿಯಲ್ಲಿ ಲಂಗರು ಹಾಕುವಾಗ ನೀರಿನ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡುವುದು ಸಾಮಾನ್ಯ ಲೆಕ್ಕ. ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಹಾಸುಗಳ ಮೇಲೆ ಲಂಗರು ಹಾಕಿದರೆ ಹಿಡಿತವೂ ಸಿಗದು, ನಿಧಾನವಾಗಿ ಬೆಳೆಯುವ ಆ ಹುಲ್ಲೂ ಕಿತ್ತುಹೋಗುತ್ತದೆ.

ನೌಕೆಯ ಮೇಲಿನ ದಿನಚರಿ

ಸಿಹಿನೀರಿನ ತೊಟ್ಟಿ ಕೆಲವು ನೂರು ಲೀಟರ್‌ಗಳದ್ದಾದ್ದರಿಂದ ಸ್ನಾನ ಮಿತವಾಗಿರಬೇಕು. ಶೌಚದ ಕೊಳವೆ ಬಹು ಕಿರಿದು. ಕಾಗದ ಹಾಕಿದರೆ ಕಟ್ಟಿಕೊಳ್ಳುತ್ತದೆ, ಅದರ ದುರಸ್ತಿಯ ಖರ್ಚು ಬಾಡಿಗೆದಾರರದು. ಅಡುಗೆಗೆ ಓಲಾಟಕ್ಕೆ ತಕ್ಕಂತೆ ತೂಗುವ ಗ್ಯಾಸ್ ಒಲೆ ಇರುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಪ್ರೆಷರ್ ಕುಕ್ಕರ್ ನಾವಿಕರ ಮೆಚ್ಚಿನ ಪಾತ್ರೆ. ದ್ವೀಪಗಳ ಊಟದ ಮನೆಗಳಲ್ಲಿ ಬೇಳೆಯ ‘ಫಾವಾ’, ದೊಡ್ಡ ಅವರೆಯಂಥ ಕಾಳಿನ ‘ಗಿಗಾಂಟೆಸ್’, ಎಣ್ಣೆಯಲ್ಲಿ ಬೆಂದ ತರಕಾರಿಗಳು ಸಿಗುವುದರಿಂದ ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ.

ಭಾರತದಿಂದ ತೆರಳುವವರು

ಗ್ರೀಸ್ ಷೆಂಗನ್ ವಲಯದಲ್ಲಿದೆ. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ವೀಸಾ ಅಗತ್ಯ. ಏಜಿಯನ್‌ನ ಪೂರ್ವದ ದ್ವೀಪಗಳಿಂದ ಟರ್ಕಿಯ ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೂ ಅಲ್ಲಿ ಇಳಿದವರು ಷೆಂಗನ್ ವಲಯದಿಂದ ಹೊರಹೋದಂತೆ. ಏಕಪ್ರವೇಶದ ವೀಸಾ ಇದ್ದರೆ ಅದರ ಮೇಲೆ ಮತ್ತೆ ಗ್ರೀಸ್ ಪ್ರವೇಶಿಸಲಾಗದು. ನೌಕೆಯೂ ಗ್ರೀಕ್ ಜಲಪ್ರದೇಶ ದಾಟಲು ಕಂಪನಿಯ ಅನುಮತಿ ಬೇಕು. ಬಾಡಿಗೆಯ ಹಣವನ್ನು ವಿದೇಶಕ್ಕೆ ಕಳುಹಿಸುವುದು ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣರವಾನೆ ಯೋಜನೆಯಡಿ ಬರುತ್ತದೆ. ಒಬ್ಬ ವ್ಯಕ್ತಿಗೆ ಆರ್ಥಿಕ ವರ್ಷವೊಂದಕ್ಕೆ ಅದರ ಮಿತಿ 2,50,000 ಅಮೆರಿಕನ್ ಡಾಲರ್. ವೀಸಾಗಾಗಿ ಮಾಡಿಸುವ ಪ್ರವಾಸ ವಿಮೆಯಲ್ಲಿ ಹಾಯಿನೌಕೆಯ ಮೇಲಿನ ಅವಘಡ ಸೇರಿದೆಯೇ ಎಂಬುದನ್ನು ಪಾಲಿಸಿಯಲ್ಲಿ ನೋಡಿಕೊಳ್ಳಬೇಕು. ಸಾಹಸ ಚಟುವಟಿಕೆಗಳೆಂಬ ಶೀರ್ಷಿಕೆಯಡಿ ಅದನ್ನು ಹೊರಗಿಟ್ಟ ಪಾಲಿಸಿಗಳಿವೆ.